ನಕ್ಷೆಯಲ್ಲಿದ್ದ ಬೀದಿ

ಇಟ್ಟಿಗೆ ಗೂಡಿನ ಸಾಹುಕಾರ ತನ್ನ ಬಯಲಿಗೆ ಮುಳ್ಳುತಂತಿ ಬಿಗಿಸಿದಾಗ ಊರವರು ಮೊದಲು ನಕ್ಕರು. ನದಿಗೆ ಹೋಗುವ ದಾರಿಗೂ ಯಾರಾದರೂ ಬೇಲಿ ಹಾಕುತ್ತಾರೆಯೇ, ಕೆಲಸದವರು ಎಲ್ಲೋ ಅಳತೆ ತಪ್ಪಿರಬೇಕು ಎಂದುಕೊಂಡರು. ಎಲ್ಲರೂ ದೋಣಿಕಟ್ಟೆಗೆ ಇಳಿಯುತ್ತಿದ್ದದ್ದು ಆ ಬಯಲನ್ನು ಹಾದೇ. ಮೀನಿನ ಬುಟ್ಟಿ, ಬಲೆ, ಹುಟ್ಟು, ಆಚೆ ದಡದ ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಅಲ್ಲಿಂದಲೇ. ಮಾರನೆಯ ದಿನ ಕಾವಲುಗಾರನೊಬ್ಬ ಬಂದು ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಾಗ ನಗು ನಿಂತಿತು.

ಉಳಿದದ್ದು ಒಂದೇ ದಾರಿ. ಗೂಡಿನ ಆಚೆ ಬದಿಯ ಕಡಿದಾದ ದಂಡೆಯಲ್ಲಿ ಕುರಿಗಳು ತುಳಿದು ಮಾಡಿಕೊಂಡಿದ್ದ ಜಾಡು. ಕುರಿಗೆ ನಾಲ್ಕು ಕಾಲು, ತಲೆಯ ಮೇಲೆ ಬುಟ್ಟಿಯಿಲ್ಲ. ಮನುಷ್ಯರು ಅಲ್ಲಿ ಹುಲ್ಲಿನ ಬುಡ ಹಿಡಿದು, ಬೆರಳುಗಳನ್ನು ಮಣ್ಣಿಗೆ ಊರಿ ಇಳಿಯಬೇಕಿತ್ತು.

ಊರಿನ ದೋಣಿಗಳ ರಿಪೇರಿಯೆಲ್ಲ ಡಾಂಬರಕ್ಕನ ಮನೆಯದು. ಅವಳಿಗೆ ಬೇರೆ ಹೆಸರಿತ್ತು. ಆದರೆ ಮದುವೆಯಾಗಿ ಬಂದ ವರ್ಷವೇ ದೋಣಿಯ ಬಿರುಕಿಗೆ ಹತ್ತಿ ತುರುಕಿ ಬಿಸಿ ಡಾಂಬರು ಬಳಿಯುವ ಕೆಲಸಕ್ಕೆ ಕೈಹಾಕಿದ್ದಳು. ಆಮೇಲೆ ಅವಳ ಕೈ ಮೊಣಕೈವರೆಗೆ ಕಪ್ಪಾಗಿದ್ದು ಮತ್ತೆ ಬೆಳ್ಳಗಾಗಲಿಲ್ಲ, ಹಳೆಯ ಹೆಸರೂ ಮರಳಿ ಬರಲಿಲ್ಲ. ಮರದ ಕೆಲಸ ಗಂಡನದು. ಅವನು ಹಲಗೆ ಕೂರಿಸಿದರೆ ಅವಳು ನೀರು ನುಗ್ಗದ ಹಾಗೆ ಮಾಡುತ್ತಿದ್ದಳು. ಮನೆಯ ಯಜಮಾನಿಕೆ ಅತ್ತೆಯದು. ಮೂವರ ಅನ್ನವೂ ಹುಟ್ಟುತ್ತಿದ್ದದ್ದು ನದಿಗೆ ಮುಖಮಾಡಿದ ಆ ಉದ್ದನೆಯ ಷೆಡ್ಡಿನಲ್ಲಿ. ಷೆಡ್ಡಿನ ನದಿಯ ಬದಿ ಪೂರ್ತಿ ತೆರೆದಿತ್ತು. ಹಿಂಬದಿಗೆ ಗಟ್ಟಿಮುಟ್ಟಾದ ಇಟ್ಟಿಗೆ ಗೋಡೆ.

ಬೇಲಿ ಬಿದ್ದ ಹೊಸತರಲ್ಲಿ ಒಬ್ಬಿಬ್ಬರು ಇವರ ಹಿತ್ತಲಿನ ಸಣ್ಣ ಬಾಗಿಲಿನಿಂದ ಷೆಡ್ಡಿಗೆ ನುಗ್ಗಿ ದಡ ಸೇರಿದ್ದುಂಟು. ಯಾರದೋ ಬುಟ್ಟಿ ತಾಗಿ ಡಾಂಬರಿನ ಪಾತ್ರೆ ಉರುಳಿಬಿದ್ದ ಮೇಲೆ ಅವಳ ಗಂಡನಿಗೆ ರೇಗಿಹೋಯಿತು. "ಇದೇನು ಛತ್ರ ಅಂದ್ಕೊಂಡ್ರಾ?" ಎಂದು ಬಾಗಿಲಿಗೆ ಚಿಲಕ ಹಾಕಿದ. ಡಾಂಬರಕ್ಕನೂ ಆಗ ಏನೂ ಅನ್ನಲಿಲ್ಲ.

ಅನ್ನುವ ಹಾಗಾದದ್ದು ಬಲೆಯಜ್ಜ ಬಿದ್ದ ಮೇಲೆ. ಹರಿದ ಬಲೆ ಹೆಣೆದು ಕೊಡುತ್ತಿದ್ದ ಆ ಮುದುಕ ಒದ್ದೆ ಬಲೆಯ ಹೊರೆ ಹೊತ್ತು ಕುರಿಜಾಡು ಹತ್ತುವಾಗ ಕಾಲು ಜಾರಿ, ಕೆಳಗಿನ ಕಲ್ಲುಗಳ ಮೇಲೆ ಬಿದ್ದ. ಸೊಂಟದ ಮೂಳೆ ಬಿರುಕು ಬಿಟ್ಟಿತು. ಆ ಕಲ್ಲುಗಳ ಮೇಲೆ ದಡದುದ್ದಕ್ಕೂ ಹೊತ್ತು ನಡೆಯುವಂತಿರಲಿಲ್ಲ, ಅವನನ್ನು ಮೇಲೆ ತರುವುದೂ ಆ ಜಾಡಿನಲ್ಲೇ ಆಗಬೇಕಿತ್ತು. ಒಂದು ಹಲಗೆಗೆ ಅವನನ್ನು ಕಟ್ಟಿ, ನಾಲ್ವರು ಮಂಡಿಯೂರಿಕೊಂಡು ಎಳೆದರು. ಹಲಗೆಯ ಒಂದು ತುದಿ ಡಾಂಬರಕ್ಕನ ಹೆಗಲ ಮೇಲಿತ್ತು. ಅಜ್ಜ ದಾರಿಯುದ್ದಕ್ಕೂ "ನಿಧಾನ, ಮಗಳೇ, ನಿಧಾನ" ಎನ್ನುತ್ತಿದ್ದ, ಬಿದ್ದವಳು ಅವಳೇ ಎಂಬ ಹಾಗೆ.

ಅವನನ್ನು ಆಸ್ಪತ್ರೆಯ ಗಾಡಿಗೆ ಹತ್ತಿಸಿ, ಬಟ್ಟೆಗೆ ಅಂಟಿದ ಕೆಸರನ್ನೂ ಒರೆಸಿಕೊಳ್ಳದೆ ಅವಳು ನೆಟ್ಟಗೆ ಸಾಹುಕಾರನ ಆಫೀಸಿಗೆ ಹೋದಳು. ಆಫೀಸು ಎಂದರೆ ತಗಡಿನ ಕೋಣೆ. ಮೇಜಿನ ಮೇಲೆ ಹಲವು ಬಣ್ಣದ ಮಾದರಿ ಇಟ್ಟಿಗೆಗಳು, ಒಂದರ ಮೇಲೆ ಸಾಹುಕಾರನ ಟೀ ಲೋಟ.

"ಬೇಲಿ ತೆಗೀರಿ ಸಾಹುಕಾರ್ರೇ. ಅದು ಊರಿನ ದಾರಿ."

"ಅಯ್ಯೋ, ಅಜ್ಜ ಬಿದ್ದಿದ್ದು ಕೇಳಿ ನಂಗೂ ಬೇಜಾರಾಯ್ತಮ್ಮ." ಅವನು ಲೋಟ ಎತ್ತಿಕೊಂಡ. "ಆದ್ರೆ ಊರಿನ ದಾರಿ ಅಂತ ಯಾರು ಹೇಳಿದ್ದು? ದುಡ್ಡು ಕೊಟ್ಟು ತಗೊಂಡಿರೋ ಜಾಗ. ಇಷ್ಟು ವರ್ಷ ಸುಮ್ನೆ ಬಿಟ್ಟಿದ್ದೆ. ಈಗ ಇಟ್ಟಿಗೆ ಒಣಗಿಸೋಕೆ ಬೇಕು."

"ನಮ್ಮ ಹಿರಿಯರ ಕಾಲದಿಂದ್ಲೂ ಅಲ್ಲೇ ಓಡಾಡ್ತಿದೀವಿ."

"ಓಡಾಡಿದ್ದೆಲ್ಲ ದಾರಿ ಆಗೋದಾದ್ರೆ, ಬೆಕ್ಕು ಓಡಾಡೋ ನಿಮ್ಮ ಅಡುಗೆಮನೆ ಹೆದ್ದಾರಿ ಆಗ್ಬೇಕಿತ್ತು." ತನ್ನ ಮಾತಿಗೆ ತಾನೇ ನಕ್ಕ. "ಯಾವ್ದಾದ್ರೂ ಕಾಗದದಲ್ಲಿ ದಾರಿ ಅಂತ ಇದ್ರೆ ತಂದು ತೋರ್ಸಮ್ಮ. ಮಾರನೇ ದಿನಾನೇ ಬೇಲಿ ಕೀಳಿಸ್ತೀನಿ."

"ತೋರಿಸ್ತೀನಿ," ಎಂದಳು. ಎಲ್ಲಿಂದ ತರುವುದು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಜಿಲ್ಲಾ ಕೇಂದ್ರದ ಭೂಮಾಪನ ಕಚೇರಿಯಲ್ಲಿ ಅವಳನ್ನು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅಟ್ಟಿದರು. ಇಲ್ಲಿ ಈಗಿನ ದಾಖಲೆ ಮಾತ್ರ, ಹಳೆಯದು ಮೇಲೆ. ಮೇಲೆ ಹೋದರೆ ಇವತ್ತು ರಜೆ, ನಾಳೆ ಬನ್ನಿ. ನಾಳೆ ಬಂದರೆ ಬೀಗದ ಕೈ ಇಟ್ಟುಕೊಂಡವರು ತರಬೇತಿಗೆ ಹೋಗಿದ್ದಾರೆ. ಅವಳು ಮತ್ತೆ ಬಂದಳು. ಮತ್ತೂ ಬಂದಳು. ಕೊನೆಗೆ ಕಿಟಕಿಯವನಿಗೇ ಬೇಸರವಾಗಿ ಅವಳನ್ನು ನಕ್ಷೆಗಳ ಕೋಣೆಗೆ ಕರೆದೊಯ್ದು ಬಿಟ್ಟ.

ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಒಬ್ಬ ಹೆಂಗಸು ಕೂತಿದ್ದಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ನಕ್ಷೆಗಾರ್ತಿ. ಮೊದಲು ಅವಳ ಕಣ್ಣು ಬಿದ್ದದ್ದು ಡಾಂಬರಕ್ಕನ ಕೈಯ ಮೇಲೆ.

"ಕೈ ತೊಳ್ಕೊಂಡು ಬನ್ನಿ."

"ತೊಳ್ದಿದೆ ಮೇಡಂ. ಇದು ಹೋಗೋ ಬಣ್ಣ ಅಲ್ಲ."

ನಕ್ಷೆಗಾರ್ತಿ ಅನುಮಾನದಿಂದ ಆ ಬೆರಳುಗಳನ್ನು ಉಜ್ಜಿ ನೋಡಿ, ತನ್ನ ಬೆರಳಿಗೆ ಏನೂ ಅಂಟಲಿಲ್ಲವೆಂದು ಖಾತ್ರಿಯಾದ ಮೇಲೆ ಬೀರುವಿನಿಂದ ಒಂದು ಉದ್ದನೆಯ ಸುರುಳಿ ತೆಗೆದಳು. ಬಟ್ಟೆ ಅಂಟಿಸಿದ ದಪ್ಪ ಕಾಗದ. ನಾಲ್ಕು ಮೂಲೆಗೂ ಭಾರ ಇಟ್ಟಳು.

"ನಿಮ್ಮ ಅಜ್ಜನ ಕಾಲದ್ದು. ಅಳೆಯೋರು ಊರೂರಿಗೆ ನಡ್ಕೊಂಡು ಹೋಗಿ ಬರೆದಿದ್ದು. ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ಇದು ಜಾಗ ಯಾರ್ದು ಅಂತ ಹೇಳೋ ನಕ್ಷೆ ಅಲ್ಲ. ಅಲ್ಲಿ ಏನಿತ್ತು ಅಂತ ಹೇಳೋ ನಕ್ಷೆ. ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋದ್ರೆ ನಿಮಗೆ ಚಪ್ಪಲಿ ಸವೆಯೋದು ಮಾತ್ರ."

"ಏನಿತ್ತು ಅಂತ ಗೊತ್ತಾದ್ರೆ ಸಾಕು ಮೇಡಂ."

ನೀಲಿಯ ಅಗಲವಾದ ಪಟ್ಟಿ ನದಿ ಎಂಬುದು ಯಾರಿಗಾದರೂ ತಿಳಿಯುತ್ತಿತ್ತು. ಅದರ ಪಕ್ಕದಲ್ಲೆಲ್ಲ ಸಣ್ಣ ಕಂದು ಗೆರೆಗಳು, ಸೀಳಿದ ಹಲಗೆಯ ಮೇಲೆ ಕಾಣುವ ಎಳೆಗಳ ಹಾಗೆ, ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರ ದೂರ ಹರಿದಿದ್ದವು.

"ಒಂದೇ ಎತ್ತರದಲ್ಲಿರೋ ಜಾಗಗಳನ್ನ ಸೇರಿಸೋ ಗೆರೆ ಇವು," ಎಂದಳು ನಕ್ಷೆಗಾರ್ತಿ. "ಒತ್ತೊತ್ತಾಗಿದ್ರೆ ಅಲ್ಲಿ ಕಡಿದು. ಅಗಲವಾಗಿದ್ರೆ ನಿಧಾನವಾಗಿ ಇಳಿಯೋ ನೆಲ."

ಡಾಂಬರಕ್ಕ ಬಗ್ಗಿದಳು. ನದಿಯೊಳಗೆ ಎಮ್ಮೆಬಂಡೆ ಸಿಕ್ಕಿತು. ಈಗಲೂ ಅದು ಅಲ್ಲೇ ನೀರಿನಿಂದ ಬೆನ್ನು ತೋರಿಸಿಕೊಂಡು ಮಲಗಿದೆ. ಅಲ್ಲಿಂದ ಕುರಿಜಾಡು ಇರುವ ಕಡೆ ನೋಡಿದರೆ ಗೆರೆಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅಜ್ಜ ಬಿದ್ದದ್ದು ಅಲ್ಲಿ. ಇಟ್ಟಿಗೆ ಗೂಡಿನ ಬಯಲು ಇರಬೇಕಾದ ಜಾಗದಲ್ಲಿ ದಾರಿಯ ಗುರುತೇ ಇರಲಿಲ್ಲ. ಪುಟ್ಟ ಪುಟ್ಟ ಜೊಂಡಿನ ಚಿಹ್ನೆಗಳಿದ್ದವು, ಅಷ್ಟೆ.

"ಇದೇನು?"

"ಜೌಗು. ಕಾಲಿಟ್ರೆ ಮಂಡಿವರೆಗೆ ಹೂತುಹೋಗೋ ನೆಲ. ಆಗ ಅಲ್ಲಿ ಯಾರೂ ಓಡಾಡೋಕೆ ಸಾಧ್ಯಾನೇ ಇರ್ಲಿಲ್ಲ."

ಅವಳ ಮುಖ ಬಾಡಿತು. ಸಾಹುಕಾರನ ನಗು ಕಿವಿಯಲ್ಲಿ ಕೇಳಿಸಿದಂತಾಯಿತು. "ಹಾಗಾದ್ರೆ ನದಿಗೆ ಹೇಗೆ ಹೋಗ್ತಿದ್ರು, ಹಾರ್ಕೊಂಡಾ?"

"ಇಲ್ನೋಡಿ." ನಕ್ಷೆಗಾರ್ತಿ ಪೆನ್ಸಿಲಿನ ಹಿಂತುದಿಯಿಂದ ತೋರಿಸಿದಳು. ಎರಡು ಸಾಲು ಕಪ್ಪು ಚೌಕಗಳು, ಅವು ಮನೆಗಳು. ಸಾಲುಗಳ ನಡುವೆ ಜೋಡಿ ಗೆರೆ ಮೇಲಿನಿಂದ ಇಳಿದು, ಒಂದು ಬಾವಿಯ ಪಕ್ಕ ಹಾದು, ನೆಟ್ಟಗೆ ನೀರಿಗೆ ಮುಟ್ಟಿತ್ತು. ಮುಟ್ಟಿದಲ್ಲಿ ದೋಣಿಯ ಚಿಹ್ನೆ. "ಜೋಡಿ ಗೆರೆ ಅಂದ್ರೆ ಗಾಡಿ ಹೋಗೋಷ್ಟು ಅಗಲದ ಬೀದಿ. ಕಂದು ಗೆರೆ ಎಷ್ಟು ದೂರ ದೂರ ಇದೆ ನೋಡಿ ಅಲ್ಲಿ. ಇಡೀ ದಂಡೆಯಲ್ಲಿ ಸರಾಗವಾಗಿ ಇಳಿಯೋ ಜಾಗ ಅದೊಂದೇ. ಊರು ಕಟ್ಟಿರೋದೇ ಆ ಇಳಿಜಾರು ನೋಡ್ಕೊಂಡು."

ಅದು ಯಾವ ಬೀದಿ? ಡಾಂಬರಕ್ಕನಿಗೆ ಅಂಥ ಬೀದಿ ಗೊತ್ತಿರಲಿಲ್ಲ. ಆದರೆ ಆ ಮನೆಗಳ ಸಾಲು ಗೊತ್ತಿತ್ತು. ಊರಿನ ಹಳೆಯ ಮನೆಗಳೆಲ್ಲ ರಸ್ತೆಗೆ ಬೆನ್ನು ಹಾಕಿದ್ದವು. ಹೋಗಿ ಬರುವುದೆಲ್ಲ ಹಿಂಬಾಗಿಲಿನಿಂದ. ಕೆತ್ತನೆಯ ಚೌಕಟ್ಟಿದ್ದ ದೊಡ್ಡ ಬಾಗಿಲುಗಳು ಮಾತ್ರ ನಡುವಿನ ಹಾಳು ಪಟ್ಟಿಯ ಕಡೆಗೆ, ಮುಳ್ಳುಗಿಡ ಮತ್ತು ಒಡೆದ ಮಡಕೆಗಳ ಕಡೆಗೆ ತೆರೆಯುತ್ತಿದ್ದವು. ಕಟ್ಟಿದವರಿಗೆ ರಸ್ತೆಯ ಮೇಲೆ ಏನೋ ಮುನಿಸಿರಬೇಕು ಎಂದು ಊರೆಲ್ಲ ತಮಾಷೆ ಮಾಡುತ್ತಿತ್ತು. ಆ ಹಾಳು ಪಟ್ಟಿಯಲ್ಲಿ ಒಂದು ಬಾವಿಯೂ ಇತ್ತು.

ಬಾವಿಯಿಂದ ನೀರಿನ ಕಡೆಗೆ ಅವಳ ಕಣ್ಣು ಜೋಡಿ ಗೆರೆಯ ಮೇಲೆ ನಿಧಾನವಾಗಿ ಇಳಿಯಿತು. ಎಡಕ್ಕೆ ಕೊನೆಯ ಕಪ್ಪು ಚೌಕ. ಅದು ತಮ್ಮ ಮನೆ. ಅದರ ಪಕ್ಕದಲ್ಲೇ, ಬೀದಿ ನೀರಿಗೆ ಇಳಿಯುವಲ್ಲಿ, ಏನೂ ಇರಲಿಲ್ಲ. ಈಗ ಅಲ್ಲಿ ನಿಂತಿರುವ ತಮ್ಮ ಷೆಡ್ಡು ಇರಲಿಲ್ಲ.

"ಬೀದಿ ಈಗಿಲ್ವಾ?" ಎಂದು ನಕ್ಷೆಗಾರ್ತಿ ಕೇಳಿದಳು. "ಯಾರಾದ್ರೂ ಮುಚ್ಚಿದಾರಾ?"

"ಹೂಂ."

"ಯಾರು?"

"ನಾವೇ," ಎಂದಳು ಡಾಂಬರಕ್ಕ.

ನಕ್ಷೆಯ ನಕಲು ಪ್ರತಿ ಚೀಲದಲ್ಲಿಟ್ಟುಕೊಂಡು ಅವಳು ಬಸ್ಸು ಹತ್ತಿದಳು. ಏನೂ ಸಿಗಲಿಲ್ಲ ಎಂದರೆ ಮುಗಿಯಿತು. ಕಚೇರಿಯವರು ಅಲೆಸಿದ್ದು ಊರಿಗೇ ಗೊತ್ತು, ಯಾರೂ ಅನುಮಾನ ಪಡುವುದಿಲ್ಲ. ನಕ್ಷೆ ಚೀಲದ ತಳದಲ್ಲಿ ಮಡಚಿಕೊಂಡು ಬಿದ್ದಿರುತ್ತದೆ, ಷೆಡ್ಡು ಷೆಡ್ಡಾಗಿಯೇ ಇರುತ್ತದೆ. ಹೀಗೆ ಲೆಕ್ಕ ಹಾಕುತ್ತಿದ್ದಾಗಲೇ, ಹಲಗೆಯ ಮೇಲಿನಿಂದ "ನಿಧಾನ, ಮಗಳೇ" ಎಂದ ದನಿ ನೆನಪಾಗುತ್ತಿತ್ತು. ತನ್ನ ಮೇಲೆಯೇ ಸಿಟ್ಟು ಬಂತು. ಮನೆಗೆ ಹೋಗಿ ಗಂಡನ ಮುಖ, ಅತ್ತೆಯ ಮುಖ ನೋಡಿದರೆ ಬಾಯಿಗೆ ಬೀಗ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಸ್ಸಿಳಿದಾಗ ಎದುರಿಗೆ ಸಿಕ್ಕ ಮೀನು ಮಾರುವ ಚಿಕ್ಕಮ್ಮ "ಏನಾಯ್ತೇ, ಸಿಕ್ತಾ?" ಎಂದು ಕೇಳಿದ್ದೇ ತಡ, ಹೇಳಿಬಿಟ್ಟಳು.

"ಸಿಕ್ತು ಚಿಕ್ಕಮ್ಮ. ದಾರಿ ಸಾಹುಕಾರ್ರ ಬಯಲಲ್ಲಿಲ್ಲ. ನಮ್ಮ ಷೆಡ್ಡಿನ ಕೆಳಗಿದೆ. ಎಲ್ಲರಿಗೂ ಹೇಳು, ನಾಳೆ ಬೆಳಿಗ್ಗೆ ಬಂದು ನೋಡ್ಲಿ."

ಚಿಕ್ಕಮ್ಮನಿಗೆ ಹೇಳಿದರೆ ಊರಿಗೆ ಡಂಗುರ ಸಾರಿದ ಹಾಗೆ. ಇನ್ನು ಹಿಂದೆ ಸರಿಯುವ ಮಾತಿಲ್ಲ.

ಮನೆಯಲ್ಲಿ ಆದದ್ದು ಆಗಲೇಬೇಕಾದದ್ದು. ಗಂಡ ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ. "ನಿಂಗೆ ತಲೆ ನೆಟ್ಟಗಿದೆಯಾ? ನಮ್ಮ ಹೊಟ್ಟೆ ಮೇಲೆ ನಾವೇ ಹೊಡ್ಕೊಳ್ಳೋದಾ?"

"ಹೊಡ್ಕೊಳ್ಳೋದು ಬೇಡ. ದಾರಿ ಬಿಡೋಣ ಅಂತಿದೀನಿ."

"ಬಿಡೋಕೆ ಅದೇನು ದೋಣಿ ಹಗ್ಗಾನಾ? ಗೋಡೆ ಕಣೇ ಅದು!"

ಅತ್ತೆ ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. "ನನ್ನ ಮಾವ ಕಟ್ಟಿದ ಗೋಡೆ," ಎಂದಳು ತಣ್ಣಗೆ. "ನಾನು ಈ ಮನೆಗೆ ಕಾಲಿಟ್ಟಾಗ ಇತ್ತು, ನನ್ನನ್ನ ಹೊತ್ಕೊಂಡು ಹೋಗೋವಾಗ್ಲೂ ಇರ್ಬೇಕು. ಇನ್ನೊಬ್ಬರ ಜಾಗ ನುಂಗೋ ಮನುಷ್ಯ ಅಲ್ಲ ಅವರು. ಮನೆತನಕ್ಕೆ ಮಸಿ ಬಳಿಯೋಕೆ ನಿಂಗೆ ಡಾಂಬರು ಸಾಲದೆ ಹೋಯ್ತಾ?"

ಆ ಮಾತು ನಾಟಿತು. ನಿಜಕ್ಕೂ ಮಾವನ ಅಪ್ಪ ನುಂಗಿದ್ದರೇ? ಬೆಳಗಾಗುತ್ತಲೇ ಅವಳು ಬಲೆಯಜ್ಜನ ಮನೆಗೆ ಹೋದಳು. ಊರಿನಲ್ಲಿ ಆ ಕಾಲ ನೋಡಿದವನು ಅವನೊಬ್ಬನೇ ಉಳಿದಿದ್ದ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಂಚದ ಮೇಲೆ ಅಂಗಾತ ಮಲಗಿದ್ದವನು ನಕ್ಷೆಯನ್ನು ಮುಖದ ಮೇಲೆ ಎತ್ತಿ ಹಿಡಿದುಕೊಂಡು ಬಹಳ ಹೊತ್ತು ನೋಡಿದ.

"ಓಹೋ, ನಮ್ಮ ಬೀದಿ," ಎಂದ. "ಮರ್ತೇ ಹೋಗಿತ್ತಲ್ಲ."

"ಯಾಕಜ್ಜ ಮುಚ್ಚಿದ್ರು?"

"ಮುಚ್ಚಲಿಲ್ಲ ಮಗಳೇ. ನದೀನೇ ಬಿಟ್ಟು ಹೋಯ್ತು. ನಾನಾಗ ಇನ್ನೂ ಮೀಸೆ ಚಿಗುರದ ಹುಡುಗ. ದೊಡ್ಡ ಪ್ರವಾಹ ಬಂತು ನೋಡು, ನೀರಿಳಿದ ಮೇಲೆ ಕಟ್ಟೆ ಮುಂದೆಲ್ಲ ಮರಳು ಗುಡ್ಡೆ. ನದಿ ಆಚೆ ಸರ್ಕೊಂಡಿತು. ಜೌಗೆಲ್ಲ ಹೂಳು ತುಂಬಿ ಗಟ್ಟಿ ನೆಲ ಆಯ್ತು, ಜನ ಆ ಕಡೆಯಿಂದ ಇಳಿಯೋಕೆ ಶುರು ಮಾಡಿದ್ರು. ಬೀದೀಲಿ ಮುಳ್ಳು ಬೆಳೀತು. ನಿನ್ನ ಮಾವನ ಅಪ್ಪ ಎಲ್ಲರನ್ನೂ ಕೇಳಿದ, ಇಲ್ಲಿ ಷೆಡ್ಡು ಹಾಕ್ಕೊಳ್ಲಾ ಅಂತ. ಹಾಕ್ಕೋ ಮಾರಾಯ, ಯಾರಿಗೆ ಬೇಕಾಗಿದೆ ಅಂದ್ರು. ಆ ಇಟ್ಟಿಗೇಲಿ ನಾನು ಹೊತ್ತಿದ್ದೂ ಇದೆ. ನದಿ ವಾಪಸ್ ಬರೋಕೆ ಎಷ್ಟೋ ವರ್ಷ ಆಯ್ತು. ಅಷ್ಟರಲ್ಲಿ ಕೇಳ್ದೋರೂ ಇಲ್ಲ, ಹೇಳ್ದೋರೂ ಇಲ್ಲ."

ಡಾಂಬರಕ್ಕ ಉಸಿರು ಬಿಟ್ಟಳು. ಕದ್ದದ್ದಲ್ಲ. ಊರು ಕೊಟ್ಟದ್ದು. ಕೊಟ್ಟದ್ದು ಊರಿಗೆ ಈಗ ಬೇಕಾಗಿದೆ, ಅಷ್ಟೇ.

ಅವಳು ಷೆಡ್ಡಿಗೆ ಬರುವಷ್ಟರಲ್ಲಿ ಜನ ಸೇರಿದ್ದರು. ಅರ್ಧ ರಿಪೇರಿಯಾದ ದೋಣಿಯ ಬೆನ್ನಿನ ಮೇಲೆಯೇ ನಕ್ಷೆ ಹರಡಿದಳು. ಮೊದಮೊದಲು ಮಾತು ಒರಟಾಗಿಯೇ ಬಂತು. "ಹಾಗಾದ್ರೆ ಇಷ್ಟು ದಿನ ನಮ್ಮನ್ನ ಸುತ್ತು ಹಾಕಿಸಿದ್ದು ನೀವೇನಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ಅವಳು ಅಜ್ಜನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಏನನ್ನೂ ಮುಚ್ಚಲಿಲ್ಲ, ಏನನ್ನೂ ಸೇರಿಸಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಗ್ಗಿ ತಮ್ಮ ತಮ್ಮ ಮನೆಯ ಚೌಕ ಹುಡುಕತೊಡಗಿದರು.

ಅಷ್ಟರಲ್ಲಿ ಸಾಹುಕಾರನೇ ಬಂದ. ವಿಷಯ ಅವನಿಗೆ ರಾತ್ರಿಯೇ ಮುಟ್ಟಿತ್ತು. ಗಹಗಹಿಸಿ ನಗುತ್ತಾನೆಂದು ಎಲ್ಲರೂ ಕಾದರು. ಅವನು ನಗಲಿಲ್ಲ. ಬಹಳ ಮೆತ್ತಗೆ ಮಾತಾಡಿದ.

"ನೋಡಮ್ಮ, ನಿನ್ನ ಅನ್ನದ ಜಾಗ ಯಾಕೆ ಹಾಳು ಮಾಡ್ಕೋತೀಯ? ನಾನೇನು ಕಟುಕನಲ್ಲ. ನನ್ನ ಬೇಲೀಲಿ ಒಂದು ಗೇಟ್ ಇಡಿಸ್ತೀನಿ. ಎಲ್ಲರೂ ಮೊದಲಿನ ಹಾಗೇ ಓಡಾಡ್ಲಿ. ನಿನ್ನ ಗೋಡೇನೂ ಉಳೀತು, ಊರಿನ ದಾರೀನೂ ಸಿಕ್ತು. ಈ ಕಾಗದ ಮಡಚಿಡು."

ಗುಂಪಿನಲ್ಲಿ ಸಮಾಧಾನದ ಗುಜುಗುಜು ಎದ್ದಿತು. ಗಂಡ "ಒಪ್ಕೋ, ಒಪ್ಕೋ" ಎಂದು ಕಣ್ಣಲ್ಲೇ ಹೇಳುತ್ತಿದ್ದ. ಮೀನಿನ ಚಿಕ್ಕಮ್ಮ ಬುಟ್ಟಿ ಎತ್ತಿಕೊಂಡು ಹೊರಡಲು ಸಿದ್ಧಳಾದಳು. ಡಾಂಬರಕ್ಕನಿಗೂ ಒಂದು ಗಳಿಗೆ ಮೈ ಹಗುರಾಯಿತು. ಆಮೇಲೆ ಕೇಳಿದಳು:

"ಗೇಟಿಗೆ ಬೀಗ ಇರುತ್ತಾ ಸಾಹುಕಾರ್ರೇ?"

"ಸಾಮಾನು ಇರೋ ಜಾಗ ಅಲ್ವೇನಮ್ಮ. ಬೀಗ ಇಲ್ದೆ ಹೇಗೆ?"

"ಬೀಗದ ಕೈ ಯಾರ ಹತ್ರ?"

"ನನ್ನ ಹತ್ರ. ಇನ್ಯಾರ ಹತ್ರ? ಬೆಳಿಗ್ಗೆ ತೆಗೆಸ್ತೀನಿ, ಸಂಜೆ ಹಾಕಿಸ್ತೀನಿ. ಇಟ್ಟಿಗೆ ದೋಣಿಗಳು ತುಂಬೋವಾಗ ಮಾತ್ರ ಜನ ಸ್ವಲ್ಪ ಕಾಯ್ಬೇಕಾಗುತ್ತೆ."

"ಎಷ್ಟು ಹೊತ್ತು?"

"ತುಂಬೋವರೆಗೂ."

"ನಾಡಿದ್ದು ನಿಮ್ಮ ಮಗನ ಕಾಲಕ್ಕೆ?"

ಸಾಹುಕಾರ ಹುಬ್ಬು ಗಂಟಿಕ್ಕಿದ. "ಅದೆಲ್ಲ ಈಗ ಯಾಕೆ? ಕೊಡ್ತಿರೋದನ್ನ ಸುಮ್ನೆ ತಗೋಬಾರ್ದಾ?"

"ನೀವು ಕೊಡೋಕೆ ಬಂದಿದ್ದು ದಾರಿ ಅಲ್ಲ, ಅಪ್ಪಣೆ," ಎಂದಳು ಡಾಂಬರಕ್ಕ. "ದಿನಾ ಬೆಳಗಾದ್ರೆ ನದಿ ನೋಡೋಕೆ ನಿಮ್ಮ ಮುಖ ನೋಡ್ಬೇಕು. ಬೇಡ. ನಿಮ್ಮ ಜಾಗ ನೀವೇ ಇಟ್ಕೊಳ್ಳಿ, ಬೇಲೀನೂ ಇರ್ಲಿ. ನಮ್ಮ ಗೋಡೆ ನಾವು ತೆಗೀತೀವಿ."

ಗಂಡ ತಲೆಯ ಮೇಲೆ ಕೈಹೊತ್ತು ದೋಣಿಯ ಅಂಚಿನಲ್ಲಿ ಕೂತುಬಿಟ್ಟ. ಸಾಹುಕಾರ "ನಿನ್ನಿಷ್ಟ. ಮಳೆಗಾಲದಲ್ಲಿ ನನ್ನ ಹತ್ರಾನೇ ಬರ್ತೀಯ," ಎಂದು ಹೊರಟುಹೋದ. ಜನರೂ ಕರಗಿದರು. ಕೆಲವರು ಅವಳ ಕಡೆ ನೋಡಿ ತಲೆದೂಗಿದರು. ಇನ್ನು ಕೆಲವರು ಸಿಕ್ಕ ಗೇಟನ್ನು ಕಳೆದಳಲ್ಲ ಎಂದು ಗೊಣಗಿದರು.

ಮಧ್ಯಾಹ್ನ ಅತ್ತೆ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ಜಪ್ಪಯ್ಯ ಅಂದರೂ ಏಳುವ ಲಕ್ಷಣ ಇರಲಿಲ್ಲ. ಡಾಂಬರಕ್ಕ ವಾದ ಮಾಡಲಿಲ್ಲ. ಪಕ್ಕದಲ್ಲೇ ನೆಲದ ಮೇಲೆ ಕೂತು ಹತ್ತಿ ಹೊಸೆಯತೊಡಗಿದಳು. ಬಹಳ ಹೊತ್ತಿನ ಮೇಲೆ ಅತ್ತೆಯೇ ಕೈಚಾಚಿದಳು.

"ಎಲ್ಲಿ, ಕೊಡು ಆ ನಕ್ಷೆ. ನಮ್ಮನೆ ಯಾವುದು?"

"ಇದು ಅತ್ತೆ. ಕೊನೇದು."

"ಬಾಗಿಲು ಯಾವ ಕಡೆ?"

"ಬಾಗಿಲು ಬರೆದಿಲ್ಲ. ಆದ್ರೆ ಬೀದಿ ಈ ಕಡೆ ಇದೆ ನೋಡಿ."

ಅತ್ತೆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಅವಳ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾಳೆಂದು ಸೊಸೆ ಗಾಬರಿಯಾದಳು. ಅತ್ತೆ ನಗುತ್ತಿದ್ದಳು.

"ಮದುವೆಯಾಗಿ ಬಂದ ದಿನದಿಂದ ಬೈತಾ ಇದೀನಿ ಕಣೇ ಈ ಮನೆ ಕಟ್ಟಿಸಿದ ಮುದುಕನ್ನ! ಮುಂಬಾಗಿಲು ಮುಳ್ಳಿನ ಕಡೆ ಇಟ್ಟ ಪುಣ್ಯಾತ್ಮ, ಒಲೆ ಹೊಗೆ ಹೋಗೋಕೂ ದಾರಿ ಮಾಡ್ಲಿಲ್ಲ ಅಂತ. ರಸ್ತೆ ಕಡೆ ದೊಡ್ಡ ಬಾಗಿಲು ಒಡೆಸಿ ಅಂತ ನನ್ನ ಯಜಮಾನರ ಹತ್ರ ಎಷ್ಟು ಜಗಳ ಆಡಿದೀನಿ. ಪಾಪ, ಕಟ್ಟಿಸಿದೋರು ಸರಿಯಾಗೇ ಇಟ್ಟಿದ್ರಲ್ಲೇ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖ ಮತ್ತೆ ಗಟ್ಟಿಯಾಯಿತು. "ಆದ್ರೆ ಒಂದು ಮಾತು. ಸುತ್ತಿಗೆ ತಗೊಂಡು ಒಡೆದು ಪುಡಿ ಮಾಡೋಕೆ ನಾನು ಬಿಡಲ್ಲ. ಮಾವನ ಗೋಡೆ. ಒಂದೊಂದು ಇಟ್ಟಿಗೇನೂ ಇಡಿಯಾಗಿ ಬರ್ಬೇಕು, ಗಾರೆ ಕೆರೆದು ಜೋಡಿಸಿಡ್ಬೇಕು. ಒಂದು ಒಡೆದ್ರೂ ಅಲ್ಲಿಗೆ ನಿಲ್ಸು."

"ಆಗ್ಲಿ ಅತ್ತೆ."

"ಆಗ್ಲಿ ಅಂದ್ಬಿಟ್ರೆ ಆಗಲ್ಲ. ಮಾಡ್ಬೇಕು."

ಗಂಡನನ್ನು ಒಪ್ಪಿಸುವ ಕೆಲಸ ಬೇರೆ ಬಗೆಯದು. ಅವನು ಸಂಜೆಯವರೆಗೂ ಒಂದೇ ಹಾಡು ಹಾಡಿದ. "ಆಗೋದಿಲ್ಲ. ಸೂರಿನ ಭಾರವೆಲ್ಲ ಆ ಗೋಡೆ ಮೇಲಿದೆ. ಗೋಡೆ ತೆಗೆದ್ರೆ ಸೂರು ತಲೆ ಮೇಲೆ."

"ಹಾಗಾದ್ರೆ ಏನ್ ಮಾಡ್ಬೇಕ್ರೀ?"

"ಏನ್ ಮಾಡೋದು, ಎರಡು ಕಡೆ ಕಂಬ ನಿಲ್ಲಿಸಿ ಮಧ್ಯೆ ಅಡ್ಡ ತೊಲೆ ಕೊಡ್ಬೇಕು. ಅಷ್ಟುದ್ದದ ತೊಲೆ ಎಲ್ಲಿ ಸಿಗುತ್ತೆ?"

"ಸಿಗೋದೇ ಇಲ್ವಾ?"

"ಆ ಹಳೇ ಸಾಮಾನು ದೋಣಿ ಒಡೆದ್ವಲ್ಲ, ಅದರ ಅಡಿಮರ ಇದೆ. ಗಟ್ಟಿ ಮರ. ಒಂದು ತುದಿ ಹುಳ ತಿಂದಿದೆ, ಅಷ್ಟು ಕೊಯ್ದು ಹಾಕಿದ್ರೆ..." ಅಲ್ಲಿಗೆ ಅವನಿಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆದು ಬಾಯಿ ಮುಚ್ಚಿದ. ಡಾಂಬರಕ್ಕ ಅಳತೆಪಟ್ಟಿಯನ್ನು ಅವನ ಪಕ್ಕದಲ್ಲಿಟ್ಟು ಒಳಗೆ ಹೋದಳು. ತಿರುಗಿ ಬಂದಾಗ ಅವನು ಸೀಮೆಸುಣ್ಣ ಹಿಡಿದು ಅಡಿಮರದ ಮೇಲೆ ಗೆರೆ ಹಾಕುತ್ತಿದ್ದ, ಬೈದುಕೊಳ್ಳುತ್ತಲೇ.

ಕೆಲಸ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ನಿಧಾನವಾಯಿತು. ಮೊದಲು ಕಂಬ ಹೂಳಬೇಕು, ತೊಲೆ ಏರಿಸಬೇಕು, ಸೂರಿನ ಭಾರ ತೊಲೆಗೆ ಇಳಿದ ಮೇಲೆ ಗೋಡೆ ಮುಟ್ಟಬೇಕು. ತೊಲೆ ಏರಿಸುವ ದಿನ ಹಗ್ಗ ಹಿಡಿಯಲು ಊರಿನ ಗಂಡಸರೆಲ್ಲ ಬಂದರು. ಗೇಟು ಕಳೆದಳೆಂದು ಗೊಣಗಿದವರೂ ಬಂದರು. ಮರ ಅರ್ಧ ಏರಿದಾಗ ಒಂದು ಕಂಬ ವಾಲಿ, ಸೂರಿನಿಂದ ಹೆಂಚುಗಳು ಉದುರಿದವು. ಕೆಳಗಿದ್ದವರು ಚದುರಿದರು. ಹಗ್ಗದ ತುದಿ ಡಾಂಬರಕ್ಕನ ಕೈಯಲ್ಲಿತ್ತು. ಅವಳು ಬಿಡಲಿಲ್ಲ. ಹಿಮ್ಮಡಿ ನೆಲಕ್ಕೆ ಒತ್ತಿ, ಹಲ್ಲು ಕಚ್ಚಿ, ಹಗ್ಗವನ್ನು ದೋಣಿ ಎಳೆಯುವ ಗೂಟಕ್ಕೆ ಒಂದು ಸುತ್ತು ಹಾಕಿದಳು. ಅಂಗೈ ಸುಲಿಯಿತು. ಗಂಡ ಓಡಿ ಬಂದು ಕಂಬದ ಬುಡಕ್ಕೆ ಬೆಣೆ ಬಡಿದ.

"ಬಿಟ್ಟಿದ್ರೆ ಏನಾಗ್ತಿತ್ತು ಗೊತ್ತಾ?" ಎಂದು ಅವನು ಆಮೇಲೆ ಕೇಳಿದ, ಅವಳ ಕೈಗೆ ಬಟ್ಟೆ ಸುತ್ತುತ್ತ.

"ಗೊತ್ತಿತ್ತು. ಅದಕ್ಕೇ ಬಿಡ್ಲಿಲ್ಲ."

ಗೋಡೆ ಬಿಚ್ಚುವಾಗ ಅತ್ತೆ ತನ್ನ ಮಣೆಯನ್ನು ಇಟ್ಟಿಗೆ ರಾಶಿಯ ಪಕ್ಕಕ್ಕೆ ಸರಿಸಿಕೊಂಡಳು. ಹೆಂಗಸರೆಲ್ಲ ಸಾಲಾಗಿ ಕೂತು ಗಾರೆ ಕೆರೆದರು. ಯಾರಾದರೂ ಇಟ್ಟಿಗೆಯನ್ನು ಸ್ವಲ್ಪ ಜೋರಾಗಿ ಇಟ್ಟರೂ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು. ಮೀನಿನ ಚಿಕ್ಕಮ್ಮ ಒಡೆದ ಇಟ್ಟಿಗೆಯೊಂದನ್ನು ಬುಟ್ಟಿಯೊಳಗೆ ಬಚ್ಚಿಟ್ಟುಕೊಂಡು ಸಾಗಿಸಿದ್ದು ಊರಿಗೆಲ್ಲ ಗೊತ್ತಾಯಿತು, ಅತ್ತೆಗೊಬ್ಬಳಿಗೆ ಬಿಟ್ಟು. ಇನ್ನೊಂದು ಗುಂಪು ಆ ಕಡೆಯಿಂದ ಮುಳ್ಳು ಕಡಿಯುತ್ತ ಬರುತ್ತಿತ್ತು. ಹಾಳು ಪಟ್ಟಿಯ ಮಣ್ಣು ಒಂದು ಗುದ್ದಲಿ ಆಳ ಸರಿಸಿದಲ್ಲಿ ಚಪ್ಪಡಿ ಕಲ್ಲು ಸಿಕ್ಕಿತು. ಗಾಡಿಯ ಗಾಲಿ ಸವೆಸಿದ ಎರಡು ಗೀರು ಅದರ ಮೇಲೆ ಇನ್ನೂ ಸ್ಪಷ್ಟವಾಗಿತ್ತು. ಎಷ್ಟೋ ಮನೆಗಳ ಮುಂಬಾಗಿಲು ಬಿಗಿದುಕೊಂಡು ತೆರೆಯಲೊಲ್ಲದೆ ಹೋದಾಗ ಡಾಂಬರಕ್ಕನ ಗಂಡ ಉಳಿ ಹಿಡಿದುಕೊಂಡು ಮನೆಯಿಂದ ಮನೆಗೆ ಹೋಗಬೇಕಾಯಿತು.

ಗೋಡೆಯ ಕೊನೆಯ ಸಾಲು ಎತ್ತಿದ ದಿನ ಯಾರೂ ಭಾಷಣ ಮಾಡಲಿಲ್ಲ. ಶಾಲೆಯ ಮಕ್ಕಳು ಅನುಮತಿಗೂ ಕಾಯದೆ ಷೆಡ್ಡಿನ ನಡುವೆ ಓಡಿ ದೋಣಿ ಹತ್ತಿದರು. ಹಿಂದೆಯೇ ಬುಟ್ಟಿಗಳು ಹೊರಟವು. ಬಲೆಯಜ್ಜ ಊರುಗೋಲಿನ ಮೇಲೆ ನಡೆಯುವಂತಾದದ್ದು ಎಷ್ಟೋ ದಿನಗಳ ಮೇಲೆ. ಅವನು ಇಳಿಜಾರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ನೀರಿನವರೆಗೆ ಹೋಗಿ, ತನ್ನ ದೋಣಿಯ ಮೂತಿ ಮುಟ್ಟಿ, ಅದರೊಳಗೆ ಯಾರೋ ಹುಟ್ಟನ್ನು ಸರಿಯಾಗಿ ಇಟ್ಟಿಲ್ಲವೆಂದು ರೇಗಾಡಿದ.

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಸಾಹುಕಾರ ಹೇಳಿದ ಮಳೆಗಾಲ ಬಂತು. ಗೋಡೆಯಿಲ್ಲದ ಷೆಡ್ಡಿನೊಳಗೆ ಇರಚಲು ಹೊಡೆದು ಒಲೆ ಆರಿತು, ಡಾಂಬರು ಹೆಪ್ಪುಗಟ್ಟಿತು, ಒಣಗಲಿಟ್ಟ ಹಲಗೆ ಸೊಟ್ಟಗಾಯಿತು. ಗಂಡ ಬಾಗಿಲು ಇಡೋಣವೆಂದ. ಅವಳು ಒಪ್ಪಲಿಲ್ಲ. ಬಾಗಿಲಿಟ್ಟರೆ ಚಿಲಕ ಬರುತ್ತದೆ, ಚಿಲಕ ಬಂದ ಮೇಲೆ ಬೀಗ. ಹಾದಿಯ ಎರಡು ಬದಿಗೆ ಹಲಗೆಯ ತಡಿಕೆ ಕಟ್ಟಿ ಕೆಲಸದ ಜಾಗವನ್ನಷ್ಟೇ ಮರೆ ಮಾಡಿದರು. ಸಾಹುಕಾರನ ಬಳಿಗೆ ಅವಳು ಹೋಗಲಿಲ್ಲ. ಅವನ ಕಡೆಯವನೇ ಒಮ್ಮೆ ಬಂದ, ಬಯಲೆಲ್ಲ ಕೆಸರಾಗಿದೆ, ಇಟ್ಟಿಗೆಯನ್ನು ಈ ಬೀದಿಯಿಂದ ಇಳಿಸಬಹುದೇ ಎಂದು ಕೇಳಿಕೊಂಡು.

"ತಲೆ ಮೇಲೆ ಹೊತ್ಕೊಂಡು ಬಂದ್ರೆ, ಕೈಗಾಡೀಲಿ ತಂದ್ರೆ, ಯಾರ್ನೂ ಕೇಳೋದೇ ಬೇಡ," ಎಂದಳು ಡಾಂಬರಕ್ಕ. "ಲಾರಿ ಮಾತ್ರ ಬೇಡ. ಮಕ್ಕಳು ಓಡಾಡ್ತಾರೆ."

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಮೇಲಿನ ಊರಿನ ಅಂಬಿಗನೊಬ್ಬ ತನ್ನ ದೊಡ್ಡ ದೋಣಿ ತಂದ. ತಳದಲ್ಲಿ ಮಾರುದ್ದದ ಬಿರುಕು. ಇಂಥ ದೋಣಿಗಳ ಕೆಲಸದಲ್ಲೇ ಈ ಮನೆಗೆ ನಾಲ್ಕು ಕಾಸು ಉಳಿಯುತ್ತಿದ್ದದ್ದು. ಅದನ್ನು ಉರುಳೆಗಳ ಮೇಲೆ ಷೆಡ್ಡಿನ ಬಾಯಿಗೆ ತಂದು ನಿಲ್ಲಿಸಿದಾಗ ಎಲ್ಲರಿಗೂ ಗೊತ್ತಾಯಿತು, ಉಳಿದಿದ್ದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಅಡ್ಡ ಇಟ್ಟರೆ ಬೀದಿ ಮುಚ್ಚುತ್ತದೆ.

ಅಂಬಿಗ ಪೆಚ್ಚಾಗಿ ನಿಂತ. "ಹಾಗಾದ್ರೆ ಬೇರೆ ಕಡೆ ನೋಡ್ಲಾ ಅಕ್ಕ?"

ಗಂಡ ಹೆಂಡತಿಯ ಮುಖ ನೋಡಿದ. ಅವಳು ಷೆಡ್ಡಿನ ಹೊರಗೆ ದಂಡೆಯುದ್ದಕ್ಕೂ ಕಣ್ಣು ಹಾಯಿಸಿದಳು. ಎಡಗಡೆ, ನೀರಿನ ಮಟ್ಟಕ್ಕಿಂತ ಮೇಲೆ, ಗಟ್ಟಿ ಮರಳಿನ ಹಾಸು ಇತ್ತು. ಅತ್ತೆ ಜೋಡಿಸಿಟ್ಟ ಇಟ್ಟಿಗೆಗಳು ಅದರ ಅಂಚಿನಲ್ಲೇ ತಾಡಪಾಲಿನ ಕೆಳಗಿದ್ದವು.

"ಯಾಕೆ ಬೇರೆ ಕಡೆ?" ಎಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಲ್ಲಿ ಹೊರಗೆ ಎಳೀರಿ. ಇವತ್ತು ಬಿಸಿಲಲ್ಲೇ ಮಾಡ್ತೀವಿ. ನಾಳೆ ಮಳೆ ಬರೋ ಅಷ್ಟರಲ್ಲಿ ಮೇಲೊಂದು ಚಪ್ಪರ ಆಗಿರುತ್ತೆ. ರೀ, ಉರುಳೆ ತಿರುಗಿಸಿ!"

ಗಂಡ ಬಗ್ಗಿ ಉರುಳೆ ತಿರುಗಿಸಿದ. ಅಂಬಿಗ ಹಿಂದಿನಿಂದ ಹೆಗಲು ಕೊಟ್ಟ. ಬೀದಿಯಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದವರು ಬುಟ್ಟಿ ಕೆಳಗಿಟ್ಟು ಕೈಹಚ್ಚಿದರು. ದೋಣಿ ಮರಳಿನ ಮೇಲೆ ಕಿರುಗುಟ್ಟುತ್ತ ಅಲುಗಾಡಿತು.